ಕಾಲುರಿಯ ಗುಳಿಗೆ ಮತ್ತು ನನ್ನ ಬಾಯಿ

ನನಗೆ ಕೆಲಸದಲ್ಲಿ ಬಡ್ತಿ ಸಿಕ್ಕಿದ್ದು ಒಂದೇ ಸಲ. ಮೊದಲು ಸ್ಟೂಲಿನ ಮೇಲೆ ಕೂರುತ್ತಿದ್ದೆ, ಆಮೇಲೆ ಕುರ್ಚಿ ಬಂತು. ಅದೂ ಸ್ಟೂಲಿನ ಕಾಲು ಮುರಿದಿದ್ದರಿಂದ. ಆ ವಿಷಯ ಇಲ್ಲಿಗೇ ಸಾಕು.

ಶಹಾಪುರದ ಒಂದು ಖಾಸಗಿ ದವಾಖಾನೆಯ ಔಷಧಿ ಕಿಟಕಿಯಲ್ಲಿ ನಾನು ಮೂವತ್ತು ವರ್ಷ ಕಳೆದೆ. ಓದಿದ್ದು ಆರನೆಯ ಇಯತ್ತೆ. ಔಷಧಿ ತೆಗೆದುಕೊಡಲು ಸರ್ಟಿಫಿಕೇಟು ಇದ್ದವರು ಬೇರೆ ಇದ್ದರು. ಅವರು ತೆಗೆದಿಟ್ಟ ಗುಳಿಗೆಯನ್ನು ಯಾವಾಗ, ಹೇಗೆ ನುಂಗಬೇಕೆಂದು ನಮ್ಮ ಜನಕ್ಕೆ ತಿಳಿಯುವ ಹಾಗೆ ಹೇಳುವುದು ನನ್ನ ಕೆಲಸ. ಹೇಳುವುದರಲ್ಲಿ ನಾನು ಬಲು ಜಾಣ ಎಂದು ಎಲ್ಲರೂ ಅನ್ನುತ್ತಿದ್ದರು, ನಾನೂ ಅಂದುಕೊಂಡಿದ್ದೆ. ಆ ಜಾಣತನದಿಂದ ನನ್ನ ಒಡಹುಟ್ಟಿದ ಅಕ್ಕನ ಕಾಲಿಗೆ ಒಂದು ಬೆರಳು ಕಡಿಮೆಯಾಯಿತು. ಔಷಧಿ ಕಿಟಕಿಗೆ ಹೊಸದಾಗಿ ಬರುವವರು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಜೋಳ ಹಿಂದೆ ಸರಿದು ಭತ್ತ ಬಂತು. ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಅನ್ನ ಬಂತು. ಹೊಲದಲ್ಲಿ ಟ್ರ್ಯಾಕ್ಟರು ಬಂದು ನಡೆಯುವುದು ನಿಂತಿತು. ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬಂತು ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ಅವರು ಮೈಸೂರು ಕಡೆಯವರು. ನಮ್ಮ ಮಾತು ಮೊದಮೊದಲು ಅವರಿಗೆ ಬೈದ ಹಾಗೆ ಕೇಳುತ್ತಿತ್ತಂತೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಕಾಲಿನ ನರ ಕೆಟ್ಟು ಪಾದ ಉರಿಯುತ್ತದೆ. ಆ ಉರಿಯನ್ನು ನಮ್ಮವರು ಬಣ್ಣಿಸುತ್ತಿದ್ದ ರೀತಿ ಡಾಕ್ಟರಿಗೆ ಬಹಳ ಸೇರುತ್ತಿತ್ತು. ಒಬ್ಬ ಹೇಳುತ್ತಿದ್ದ, "ಕೆಂಪಿರುವಿ ಹರದಂಗ ಆಗ್ತದ್ರಿ." ಇನ್ನೊಬ್ಬಳು, "ಖಾರ ಕುಟ್ಟಿದ ಒಳ್ಳಾಗ ಕಾಲು ಇಟ್ಟಂಗ ಆಗ್ತದ್ರಿ ಯಪ್ಪಾ." ಒಂದು ದಿನ ಒಬ್ಬ ಮುದುಕ ಒಂದೇ ಚಪ್ಪಲಿ ಹಾಕಿಕೊಂಡು ಬಂದ. ಇನ್ನೊಂದು ಎಲ್ಲಿ ಎಂದು ಕೇಳಿದರೆ, "ಎರಡೂ ಅವ ಅಲ್ರಿ," ಎಂದು ಕೆಳಗೆ ನೋಡಿ, ನಮಗಿಂತ ಹೆಚ್ಚು ಬೆಚ್ಚಿಬಿದ್ದ. ಬಸ್‌ಸ್ಟ್ಯಾಂಡಿನಿಂದ ಅಲ್ಲಿಯವರೆಗೆ ಬರಿಗಾಲಲ್ಲಿ ನಡೆದದ್ದು ಅವನ ಪಾದಕ್ಕೆ ಗೊತ್ತೇ ಆಗಿರಲಿಲ್ಲ. ನಾವೆಲ್ಲ ನಕ್ಕೆವು. ಡಾಕ್ಟರು ನಗಲಿಲ್ಲ. ಅವನ ಪಾದವನ್ನು ಕೈಯಲ್ಲಿ ಹಿಡಿದು, ಬೆರಳುಗಳ ಸಂದು ಬಿಡಿಸಿ ನೋಡಿ, ನನಗೆ ಹೇಳಿದರು: "ಮಾನಪ್ಪ, ಉರಿಯೋ ಕಾಲು ಕೂಗುತ್ತೆ, ಗೊತ್ತಾಗುತ್ತೆ. ಸುಮ್ಮನಿರೋ ಕಾಲಿಗೆ ಹೆದರಬೇಕು. ಪಾದ ನೋಡದೆ ಯಾರಿಗೂ ಗುಳಿಗೆ ಕೊಡಬೇಡಿ."

ಅಂದಿನಿಂದ ನೂರಾರು ಪಾದ ನೋಡಿದೆ. ಅಕ್ಕನ ಪಾದವೊಂದನ್ನು ಬಿಟ್ಟು.

ಆಗ ಕಾಲುರಿಗೆ ಜನ ಕಂಡುಕೊಂಡಿದ್ದ ಔಷಧಿ ಕಾಲುವೆ. ಸಂಜೆ ಭೀಮರಾಯನಗುಡಿಯ ಹಾದಿಯಲ್ಲಿ ಹೋದರೆ ಕಾಲುವೆಯ ಮೆಟ್ಟಿಲ ಮೇಲೆ ಧೋತರ ಮೊಣಕಾಲಿಗೆ ಎತ್ತಿಕೊಂಡು, ಪಾದ ನೀರಿಗೆ ಇಳಿಬಿಟ್ಟು, ಸಾಲಾಗಿ ಕೂತ ಮಂದಿ ಕಾಣುತ್ತಿದ್ದರು. ನಾನು ಅದನ್ನು ಕಾಲುರಿ ಕಮಿಟಿ ಎನ್ನುತ್ತಿದ್ದೆ. ಹೆಣ್ಣಿನ ಸಂಬಂಧ, ಚುನಾವಣೆ, ಯಾರ ಎಮ್ಮೆ ಗಬ್ಬಾಗಿದೆ, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿತ್ತು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದ ಎರಡನೆಯ ದಿನಕ್ಕೆ ಇಡೀ ಕಮಿಟಿ ನಮ್ಮ ದವಾಖಾನೆಯ ಬೆಂಚಿನ ಮೇಲೆ ಬಂದು ಕೂರುತ್ತಿತ್ತು. ನೀರಲ್ಲಿ ನೆನೆದ ಪಾದ ಮೆತ್ತಗಾಗಿ ಒಡೆಯುತ್ತದೆ, ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ, ನೆನೆಸಬೇಡಿ ಎಂದು ಡಾಕ್ಟರು ಬೇಡಿಕೊಳ್ಳುತ್ತಿದ್ದರು. ಬೆಂಚಿನ ಮೇಲಿದ್ದವರು, "ಹೌದ್ರಿ, ಖರೇ ಅದರಿ," ಎಂದು ತಲೆಯಾಡಿಸಿ, ಹೋಗುವಾಗ ನನ್ನನ್ನು ಕೇಳುತ್ತಿದ್ದರು, "ನೀರು ಯಾವಾಗ ಬಿಡ್ತಾರ ಮಾನಪ್ಪಣ್ಣ?"

ನಾನು ಸೇರಿದಾಗ ನರದ ನೋವಿಗೆ ಶಕ್ತಿಯ ಸೂಜಿ ಹಾಕುವುದು, ಮುಲಾಮು ಕೊಡುವುದು, ಇಷ್ಟೇ ಇತ್ತು. ಜನಕ್ಕೂ ಸೂಜಿ ಚುಚ್ಚಿದರೇ ಚಿಕಿತ್ಸೆ. ಆಮೇಲೆ ಡಾಕ್ಟರು ಸಂಜೆಯ ಹೊತ್ತು ನುಂಗುವ ಒಂದು ಪುಟ್ಟ ಗುಳಿಗೆ ಶುರುಮಾಡಿದರು. ಅಮಿಟ್ರಿಪ್ಟಿಲಿನ್ ಎಂದು ಅದರ ಹೆಸರು. ಅದನ್ನು ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಎಷ್ಟೋ ವರ್ಷಗಳ ನಂತರ ಬೇರೆ ಕ್ಯಾಪ್ಸೂಲುಗಳೂ ಬಂದವು. ಎಲ್ಲದಕ್ಕೂ ರೀತಿ ಹೆಚ್ಚು ಕಡಿಮೆ ಒಂದೇ: ಸಣ್ಣ ಪ್ರಮಾಣದಿಂದ ಶುರು, ಕೆಲವು ವಾರ ಕಾಯುವುದು, ಡಾಕ್ಟರು ಹೇಳಿದರೆ ಏರಿಸುವುದು, ತಾನಾಗಿ ಒಮ್ಮೆಲೇ ಬಿಡದಿರುವುದು. ಬಾಯಿ ಒಣಗಬಹುದು, ನಿದ್ದೆ ಬರಬಹುದು, ಮೂತ್ರ ಕಟ್ಟಿದರೆ ಓಡಿ ಬರಬೇಕು. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಇದನ್ನು ನಾನು ನಮ್ಮ ಮಾತಿಗೆ ತಿರುಗಿಸಿದೆ:

"ನೋಡ್ರಿ, ನಿಮ್ಮ ಕಾಲಿನ ನರ ಕೆಟ್ಟ ಟೆಲಿಫೋನ್ ಇದ್ದಂಗ. ಯಾರೂ ಫೋನ್ ಮಾಡಿಲ್ಲ, ಆದ್ರೂ ಗಂಟಿ ಹೊಡಕೋತದ. ಈ ಗುಳಿಗಿ ಆ ಗಂಟಿ ಸಪ್ಪಳ ಸಣ್ಣ ಮಾಡ್ತದ, ಅಷ್ಟ. ವೈರ್ ರಿಪೇರಿ ಮಾಡಂಗಿಲ್ಲ. ವೈರ್ ಇನ್ನಷ್ಟು ಸುಡಬಾರದು ಅಂದ್ರ ಸಕ್ರಿ ಕಮ್ಮಿ ಇಟ್ಟಕೋರಿ."

ಡಾಕ್ಟರು ಒಳಗಿನಿಂದ ಕೇಳಿ, "ನನಗಿಂತ ಚೆನ್ನಾಗಿ ಹೇಳ್ತೀರ ಕಣ್ರೀ," ಎಂದರು. ಆ ಒಂದು ಮಾತು ನನ್ನ ತಲೆಗೆ ಏರಿತು.

ಆ ಗುಳಿಗೆಯ ಮೊದಲ ಗಲಾಟೆ ಸಿದ್ದಣ್ಣನದು. ಅವನು ಸುರಪುರ ಕಡೆಯ ಭತ್ತದ ರೈತ, ಆಳು ದಪ್ಪ, ಮಾತು ದಪ್ಪ. ಗುಳಿಗೆ ಒಯ್ದ ವಾರದೊಳಗೆ ಅವನ ಪಕ್ಕದ ಹೊಲದವನು ಬೆಳಿಗ್ಗೆ ಅವನನ್ನು ರಟ್ಟೆ ಹಿಡಿದು ದವಾಖಾನೆಗೆ ಎಳೆದು ತಂದ.

"ಡಾಕ್ಟರ, ಇವನಿಗೆ ಏನು ನುಂಗಿಸೀರಿ? ರಾತ್ರಿ ಹೊಲಕ್ಕ ನೀರು ಬಿಡೋ ಪಾಳಿ ಇವಂದಿತ್ತು. ಮಡಿ ಒಡದು ಬಿಟ್ಟು ಬದುವಿನ ಮ್ಯಾಲ ಮಕ್ಕೊಂಡಾನ. ನನ್ನ ಮೆಣಸಿನ ಗಿಡ ಎಲ್ಲ ಈಜಾಡಾಕತ್ತಾವ!"

ಸಿದ್ದಣ್ಣನಿಗೆ ಪಶ್ಚಾತ್ತಾಪವೇ ಇರಲಿಲ್ಲ. "ಮೂರು ವರ್ಷದ ಮ್ಯಾಲ ನಿನ್ನೆ ಕಾಲು ಸುಮ್ಮ ಇದ್ವು. ಮಕ್ಕೊಂಡೆ. ಮನಶಾ ಮಕ್ಕೊಂಡ್ರ ತಪ್ಪೇನ್ರಿ?"

ಡಾಕ್ಟರು ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡಿದರು. ನೀರಿನ ಪಾಳಿಯ ದಿನ ಮಗ ಹೊಲಕ್ಕೆ ಹೋಗಬೇಕು, ಸಿದ್ದಣ್ಣ ಮನೆಯಲ್ಲಿರಬೇಕು ಎಂದಾಯಿತು. ಜಗಳ ಮುಗಿದ ಮೇಲೆ ಪಕ್ಕದ ಹೊಲದವನು ಹೋಗಲೇ ಇಲ್ಲ. ಮೆಲ್ಲಗೆ ಕಿಟಕಿಗೆ ಬಂದು, "ಮಾನಪ್ಪಣ್ಣ, ನನ್ನ ಕಾಲೂ ಉರೀತಾವ. ಅದೇ ಗುಳಿಗಿ ನನಗೂ ಸಿಗ್ತದೇನು?" ಎಂದ. ಅಂದಿನಿಂದ ಗುಳಿಗೆ ಬರೆಯುವ ಮುನ್ನ ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೆಚ್ಚಾಯಿತು: ನೀರಿನ ಪಾಳಿ ಯಾವಾಗ? ಮೈಸೂರಿನಲ್ಲಿ ಕಲಿತ ಯಾವ ಪುಸ್ತಕದಲ್ಲೂ ಆ ಪ್ರಶ್ನೆ ಇರಲಿಲ್ಲವಂತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅಕ್ಕನ ಹೆಸರು ದೇವಮ್ಮ. ಕಾಲುವೆ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ನಾನು ಆರು ಇಯತ್ತೆಯನ್ನಾದರೂ ಓದಿದ್ದು ಅವಳು ಒಂದೂ ಓದದೆ ಕೂಲಿಗೆ ಹೋದದ್ದರಿಂದ. ಅವಳ ಊರಿನಲ್ಲೇ ಒಬ್ಬ ನಿವೃತ್ತ ಮಾಸ್ತರರಿದ್ದರು. ಅಕ್ಕನ ಮಗಳು ಸುವರ್ಣಾಳಿಗೆ ಅಕ್ಷರ ಕಲಿಸಿದವರು ಅವರೇ. ಏನು ಕೈಗೆ ಸಿಕ್ಕರೂ ಓದುವ ಚಟ ಅವರಿಗೆ. ಸಂತೆಯ ದಿನ ದವಾಖಾನೆ ಗಿಜಿಗುಡುತ್ತಿದ್ದಾಗ ಅವರು ಗುಳಿಗೆಯ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಬಿಡಿಸಿ, ಕನ್ನಡಕ ಏರಿಸಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿದರು.

"ಮಾನಪ್ಪ, ಇದರಾಗ ಮನಸ್ಸಿನ ಕಾಯಿಲೆಗೆ ಅಂತ ಬರದಾರಲ್ಲೋ? ನಂದು ಕಾಲು ಉರೀತದ."

ಇದಕ್ಕೆ ಉತ್ತರ ಡಾಕ್ಟರು ನನಗೆ ಬಾಯಿಪಾಠ ಮಾಡಿಸಿದ್ದರು: ಒಂದೇ ಔಷಧಿಗೆ ಎರಡು ಕೆಲಸ, ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ನರದ ನೋವು ತಗ್ಗಿಸುತ್ತದೆ. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಆದರೆ ಸಾಲಿನಲ್ಲಿ ಮೂವತ್ತು ಮುಖಗಳು ನನ್ನ ಕಡೆ ತಿರುಗಿದ್ದವು. ನಾನು ಅಂದೆ:

"ಹೌದ್ರಿ ಮಾಸ್ತರ, ಇದು ಹುಚ್ಚಿನ ಗುಳಿಗಿ. ನಿಮ್ಮ ಕಾಲಿಗೆ ಹುಚ್ಚು ಹಿಡದದ, ಅದಕ್ಕ ಕೊಟ್ಟಾರ!"

ದವಾಖಾನೆಯ ತಗಡು ಅದುರುವ ಹಾಗೆ ನಕ್ಕರು. ಮಾಸ್ತರರೂ ನಕ್ಕರು. ನಾನು ಇಡೀ ದಿನ ಬೀಗುತ್ತಾ ತಿರುಗಿದೆ.

ಸಂಜೆ ಯಾದಗಿರಿ ಕಡೆಗೆ, ಸುರಪುರ ಕಡೆಗೆ, ಭೀಮರಾಯನಗುಡಿ ಕಡೆಗೆ ಹೋದ ಬಸ್ಸುಗಳಲ್ಲಿ ನನ್ನ ಮಾತೂ ಹತ್ತಿ ಹೋಯಿತು. ಇಳಿಯುವಾಗ ನಗೆ ಬಸ್ಸಿನಲ್ಲೇ ಉಳಿಯಿತು, ಹುಚ್ಚಿನ ಗುಳಿಗೆ ಎಂಬುದು ಮಾತ್ರ ಇಳಿಯಿತು. ಹೇಳಿದ್ದು ನಾನು ಎಂಬುದೂ ಹಾದಿಯಲ್ಲೇ ಬಿದ್ದುಹೋಗಿ, ಮಾಸ್ತರರು ಚೀಟಿ ಓದಿ ಹೇಳಿದರಂತೆ ಎಂದಾಯಿತು. ಓದಿದವರು ಹೇಳಿದ ಮೇಲೆ ಮುಗಿಯಿತಲ್ಲ. ಮುಂದಿನ ಸಂತೆಯ ಹೊತ್ತಿಗೆ ಅರ್ಧ ಜನ ಗುಳಿಗೆ ಬಿಟ್ಟಿದ್ದರು. ಸಿದ್ದಣ್ಣ ಊರಲ್ಲಿ ಬಿಟ್ಟೆನೆಂದು ಸಾರಿ, ತಲೆಗೆ ಟವೆಲ್ ಹೊದ್ದು ದವಾಖಾನೆಯ ಹಿಂದಿನ ಬಾಗಿಲಿನಿಂದ ಬರತೊಡಗಿದ. ಅಷ್ಟು ದಪ್ಪ ಆಳು ಟವೆಲ್ ಹೊದ್ದರೆ ಟವೆಲ್ ಹೊದ್ದ ಸಿದ್ದಣ್ಣನಂತೆಯೇ ಕಾಣುತ್ತಿದ್ದ.

ಡಾಕ್ಟರು ನನ್ನನ್ನು ಒಳಗೆ ಕರೆದರು. "ಈ ಹೆಸರು ಇಟ್ಟೋರು ಯಾರು ಮಾನಪ್ಪ?"

"ಮಾಸ್ತರು ಚೀಟಿ ಓದಿದ್ರಿ ಸರ್," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಇಷ್ಟು ವರ್ಷ ನನ್ನ ಗಂಟಲಲ್ಲಿ ನಿಂತಿದೆ.

ಆ ಮಾತು ಹಬ್ಬಿದ ಮೇಲೆಯೇ ಡಾಕ್ಟರು ಅಕ್ಕನಿಗೂ ಅದೇ ಗುಳಿಗೆ ಬರೆದರು. ತಿಂಗಳು ತಿಂಗಳು ನಾನೇ ಒಯ್ದು ಕೊಡುತ್ತಿದ್ದೆ. "ಹ್ಯಾಂಗದ ಅಕ್ಕಾ?" ಎಂದರೆ, "ಕಮ್ಮಿ ಆಗ್ಯಾದ ತಮ್ಮಾ," ಎನ್ನುತ್ತಿದ್ದಳು. ಜನರ ಹೆದರಿಕೆ ಹೋಗದಿದ್ದಾಗ ನನಗೊಂದು ಉಪಾಯ ಹೊಳೆಯಿತು. ಅಕ್ಕ ಸಕ್ಕರೆ ಪರೀಕ್ಷೆಗೆ ಬಂದ ದಿನ ಅವಳನ್ನು ಕಿಟಕಿಯ ಪಕ್ಕದಲ್ಲಿ ನಿಲ್ಲಿಸಿಕೊಂಡೆ. "ನೋಡ್ರಿ, ನಮ್ಮಕ್ಕ. ಇದೇ ಗುಳಿಗಿ ನುಂಗ್ತಾಳ. ಹುಚ್ಚಿ ಕಂಡಂಗ ಕಾಣ್ತಾಳೇನು? ಹೇಳಕ್ಕಾ."

ಅಕ್ಕ ಸೆರಗು ಸರಿಮಾಡಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, "ಪೂರಾ ಕಮ್ಮಿ ಆಗ್ಯಾದ್ರಿ. ಹೂವಿನ ಮ್ಯಾಲ ನಡದಂಗ ಆಗ್ಯಾದ," ಎಂದಳು. ಅವಳ ಮಾತು ಕೇಳಿ ಎಷ್ಟೋ ಜನ ಮತ್ತೆ ಗುಳಿಗೆ ಒಯ್ದರು. ಹಲವರಿಗೆ ನಿಜವಾಗಿ ನೋವು ತಗ್ಗಿತು. ಬಂದು ಅಕ್ಕನಿಗೆ ಕೈಮುಗಿದರು.

ಆ ವರ್ಷವೇ ಸುವರ್ಣಾಳಿಗೆ ಸಂಬಂಧ ಕೂಡಿತು. ಹುಡುಗ ಸಿದ್ದಣ್ಣನ ಮಗ, ತಂದೆಯ ಪಾಳಿಗೆ ಹೊಲ ಕಾಯುತ್ತಿದ್ದವನೇ. ನಿಶ್ಚಯದ ದಿನ ನನ್ನನ್ನು ಹೆಣ್ಣಿನ ಸೋದರಮಾವ ಎಂದು ಕೂರಿಸಿದಾಗ ಸಿದ್ದಣ್ಣನ ಬಾಯಲ್ಲಿದ್ದ ಉಂಡೆ ಅಲ್ಲೇ ನಿಂತಿತು. ಆಮೇಲೆ ಗೋಡೆ ಮರೆಗೆ ಕರೆದು, "ಮಾನಪ್ಪಣ್ಣ, ಗುಳಿಗಿ ಮಾತು ನಿಮ್ಮಕ್ಕನ ಮುಂದ ಬಿಡಬ್ಯಾಡ್ರಿ. ಹುಚ್ಚನ ಮನಿಗಿ ಹೆಣ್ಣು ಕೊಡಂಗಿಲ್ಲ ಅಂದಾಳು," ಎಂದ. ಬಂದವರ ಸುದ್ದಿ ಹೊರಗೆ ಹೇಳಬಾರದೆಂಬುದು ಕಿಟಕಿಯ ಮೊದಲ ನಿಯಮ. ಆ ದಿನವಾದರೂ ಬಾಯಿ ಮುಚ್ಚಿಕೊಂಡಿದ್ದೆ. ಅದೊಂದೇ ದಿನ ತೆರೆಯಬೇಕಾಗಿತ್ತು ಎಂದು ಆಮೇಲೆ ಅನಿಸಿದ್ದುಂಟು.

ಬೇಸಿಗೆ ಬಂತು, ಕಾಲುವೆ ನೀರು ನಿಂತಿತು. ಮದುವೆಯ ಬಟ್ಟೆಯ ವಿಚಾರಕ್ಕೆ ಒಂದು ಮಧ್ಯಾಹ್ನ ಹೇಳದೆ ಅಕ್ಕನ ಮನೆಗೆ ಹೋದೆ. ಹಿತ್ತಲಲ್ಲಿ ನೀರಿನ ಗಡಿಗೆಗಳ ಸಾಲಿನ ಕೆಳಗೆ, ನೀರು ಜಿನುಗಿ ತಂಪಾದ ಉಸುಕಿನಲ್ಲಿ, ಎರಡೂ ಪಾದ ಹೂತುಕೊಂಡು ಅಕ್ಕ ಶೇಂಗಾ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಕಂಡು ಕಾಲು ಎಳೆದುಕೊಂಡಳು. ಕಾಲುವೆಯಲ್ಲಿ ನೀರಿದ್ದಾಗ ಅವಳು ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬಟ್ಟೆ ಒಗೆಯುತ್ತಿದ್ದುದೇಕೆ ಎಂದು ಆಗ ತಿಳಿಯಿತು. ಅವರ ಮನೆಯಷ್ಟು ಬೆಳ್ಳಗಿನ ಧೋತರ ಆ ಊರಲ್ಲಿ ಯಾರದೂ ಇರಲಿಲ್ಲ.

"ಕಾಲು ತೋರ್ಸು," ಎಂದೆ.

"ಪಂಚಮಿಗೆ ಮುಟ್ಟಿ ನಮಸ್ಕಾರ ಮಾಡೀಯಲ್ಲ, ಇನ್ನೇನು ನೋಡ್ತಿ?"

ಹೌದು, ಪ್ರತಿ ನಾಗರಪಂಚಮಿಗೆ ತವರಿಗೆ ಕರೆಯಲು ಹೋದಾಗ ಅವಳ ಕಾಲು ಮುಟ್ಟುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಮುಟ್ಟುತ್ತಿದ್ದೆ. ಈಗ ಹಿಡಿದು ತಿರುಗಿಸಿದೆ. ಬಲಗಾಲಿನ ಕಿರುಬೆರಳ ಬುಡದಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಸುತ್ತ ಕಪ್ಪಾಗಿತ್ತು.

"ಮುಳ್ಳು ಹೊಕ್ಕದಲ್ಲಕ್ಕ!"

"ಯಾವ ಮುಳ್ಳೋ?" ಎಂದು ಅವಳು ಬಗ್ಗಿ ನೋಡಿದಳು. ಒಂದೇ ಚಪ್ಪಲಿಯ ಮುದುಕ ನೋಡಿದ ಹಾಗೆ.

ಗುಳಿಗೆಗಳು ಸಿಕ್ಕಿದ್ದು ಟ್ರಂಕಿನಲ್ಲಿ. ಸುವರ್ಣಾಳ ಹೊಸ ಸೀರೆಗಳ ನಡುವೆ, ನಾನು ಕೊಟ್ಟ ಕಾಗದದ ಚೀಲಗಳ ಸಮೇತ, ಒಂದೂ ಬಿಚ್ಚದೆ. "ನೀ ಪ್ರೀತೀಲೆ ತಂದಿದ್ದು, ಹ್ಯಾಂಗ ಚೆಲ್ಲಲಿ?" ಎಂದಳು. "ನುಂಗಿದ್ರ ಹುಚ್ಚಿನ ಗುಳಿಗಿ ನುಂಗ್ತಾಳ ಅಂತಾರ. ಹುಚ್ಚಿ ಮಗಳನ್ನ ಯಾರು ತಗೋತಾರ?"

"ಮತ್ತ ಮಂದಿ ಮುಂದ ಕಮ್ಮಿ ಆಗ್ಯಾದ ಅಂದಿ?"

"ಅಷ್ಟು ಮಂದ್ಯಾಗ ನಿಲ್ಲಿಸಿ ಕೇಳಿದಿ. ನಿನ್ನ ಮಾರಿ ನೋಡಿ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಊರಾಗ ಮಾತ್ರ, ತಮ್ಮನ ಮಾನಕ್ಕ ಹಂಗಂದೆ, ನಾ ನುಂಗಂಗಿಲ್ಲ ಅಂತ ಹೇಳೀನಿ."

"ಹುಚ್ಚಿನ ಗುಳಿಗಿ ಅಂತ ನಿಂಗ ಯಾರು ಹೇಳಿದ್ರು?" ಉತ್ತರ ಗೊತ್ತಿದ್ದೇ ಕೇಳಿದೆ.

"ಮಾಸ್ತರ. ಚೀಟಿ ಓದಿ ಹೇಳ್ಯಾನಂತ."

ಆಗ ಹೇಳಬಹುದಿತ್ತು. ಗಾಡಿ ತರುತ್ತೇನೆಂದು ಹೊರಗೆ ಹೋದೆ.

ಯಾದಗಿರಿಯ ಆಸ್ಪತ್ರೆಯಲ್ಲಿ ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ. ಅಕ್ಕ ಎಚ್ಚರವಾಗಿ ಕಾಲು ನೋಡಿಕೊಂಡು, "ಕಾಲುಂಗುರದ ಬೆರಳು ಅದಲ್ಲ, ಸಾಕು ಬಿಡು," ಎಂದಳು. ನಾನು ಅತ್ತೆ. ಬೀಗರು ಬಂದಿದ್ದಾರೆ ಎಂದಾಗ ಮಾತ್ರ ಅವಳ ಮುಖ ಬಿಳಿಚಿತು. ಮಂಚದ ಪಕ್ಕದ ಗುಳಿಗೆಯ ಪಟ್ಟಿಯನ್ನು ದಿಂಬಿನ ಕೆಳಗೆ ತಳ್ಳಲು ಹೋದಳು, ಅದು ಕೆಳಗೆ ಬಿತ್ತು. ಸಿದ್ದಣ್ಣ ಎತ್ತಿಕೊಂಡ, ತಿರುಗಿಸಿ ನೋಡಿದ. ಆಮೇಲೆ ತನ್ನ ಅಂಗಿಯ ಒಳಜೇಬಿನಿಂದ ಅಂಥದೇ ಇನ್ನೊಂದು ಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದ.

"ನಾನೂ ಇದನ್ನ ನುಂಗ್ತೀನಿ ಬೀಗತಿ. ನಾಕು ವರ್ಷ ಆತು."

ಅಕ್ಕ ಬಾಯಿ ಬಿಟ್ಟುಕೊಂಡೇ ಕೇಳಿದಳು, "ಮತ್ತ ಹೇಳಲಿಲ್ಲಲ್ರಿ?"

"ಹೇಳಿದ್ರ ನೀವು ಹೆಣ್ಣು ಕೊಡ್ತಿದ್ದಿಲ್ಲಲ್ರಿ!"

ಇಡೀ ವಾರ್ಡು ನಕ್ಕಿತು. ಅಕ್ಕ ಕಾಲು ನೋಯುವಷ್ಟು ನಕ್ಕಳು. ನಗದೆ ನಿಂತವನು ನಾನೊಬ್ಬ. ಅಂದೇ ಅವಳು ಮೊದಲ ಗುಳಿಗೆ ನುಂಗಿದಳು. ನನಗೆ ನಂಬಿಕೆ ಬರಲೆಂದು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು. ಆ ರೂಢಿ ಇಂದಿಗೂ ನಿಂತಿಲ್ಲ. ಒಂದೆರಡು ತಿಂಗಳಲ್ಲಿ ಉರಿ ಅರ್ಧಕ್ಕಿಂತ ಕೆಳಗಿಳಿಯಿತು. ಪೂರಾ ಹೋಗಲಿಲ್ಲ, ಪೂರಾ ಹೋಗುತ್ತದೆಂದು ನಾವು ಯಾರಿಗೂ ಹೇಳಲೂ ಬಾರದು.

ಸುವರ್ಣಾಳ ಮದುವೆ ಆಯಿತು. ಅಕ್ಕ ಮಾಸ್ತರರಿಗೆ ಮದುವೆಯ ಕಾರ್ಡು ಕೊಡಲಿಲ್ಲ. ಅವರು ಸುವರ್ಣಾಳಿಗೆಂದು ಒಂದು ಪೆನ್ನು ಕಳಿಸಿಕೊಟ್ಟರು, ಅದನ್ನು ಅಕ್ಕ ತಿರುಗಿ ಕಳಿಸಿದಳು. ಅವರು ಎದುರು ಬಂದರೆ, "ಓದಿದ ಬಾಯಿಗಿ ಹುಳ ಬೀಳಲಿ," ಎಂದು ಗೋಡೆಗೆ ಹೇಳಿ ಮುಖ ತಿರುಗಿಸುತ್ತಿದ್ದಳು. ಇದೆಲ್ಲ ನಾನು ಕಂಡದ್ದೇ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಂಡೆ.

ಕೆಲಸ ಬಿಟ್ಟ ಮೇಲೆ ಈ ಹಾಳೆಗಳನ್ನು ಬರೆದೆ. ಅವಳ ಹೆಸರಿರುವುದರಿಂದ ಮೊದಲು ಅವಳಿಗೇ ಓದಿ ಹೇಳಬೇಕು ಅನಿಸಿತು. ಸಿದ್ದಣ್ಣನ ಟವೆಲ್ಲಿಗೆ ನಕ್ಕಳು. ಮಾಸ್ತರರ ಚೀಟಿಯ ಹತ್ತಿರ ಬಂದು ನಾನು ನಿಂತೆ. "ಮುಂದ ಓದು," ಎಂದಳು. ಓದಿದೆ. ಆಮೇಲೆ, "ಚಪ್ಪಲಿ ತಾ," ಎಂದಳು.

ದವಾಖಾನೆಯಿಂದ ಕೊಟ್ಟ ಮೆತ್ತನೆಯ ಚಪ್ಪಲಿ ತಂದು ಕೈಗೆ ಕೊಟ್ಟು ತಲೆ ಬಗ್ಗಿಸಿ ನಿಂತೆ.

"ಕಾಲಾಗ ಹಾಕೋ ಮೂಳಾ. ಮಾಸ್ತರ ಮನಿಗಿ ಹೋಗಮು."

ಮಾಸ್ತರರು ಕಟ್ಟೆಯ ಮೇಲೆ ಕೂತಿದ್ದರು. ಬಹಳ ವಯಸ್ಸಾಗಿದೆ. ಅಕ್ಕನನ್ನು ಕಂಡು ರೂಢಿಯಂತೆ ತಾವೇ ಮುಖ ಆಚೆ ತಿರುಗಿಸಿಕೊಂಡರು. ಅಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತು ಬಲಗಾಲು ಮುಂದೆ ಚಾಚಿದಳು.

"ಮಾಸ್ತರ, ಬೆರಳು ನಂದು ಹೋತು. ಬೈಗಳ ನೀವು ತಿಂದ್ರಿ. ತಪ್ಪು ಇವಂದು. ಮೂವರಾಗ ಆರಾಮ ಇದ್ದಾವ ಇವನೊಬ್ಬ."

ನಾನು ಅವರ ಕಾಲು ಮುಟ್ಟಿದೆ, ಈ ಸಲ ಕಣ್ಣು ತೆರೆದುಕೊಂಡು. ಸ್ವಚ್ಛವಾದ ಪಾದ, ಒಂದು ಗೀರೂ ಇರಲಿಲ್ಲ. "ನಾ ಅವತ್ತಿನಿಂದ ತಪ್ಪದ ನುಂಗೀನಪ್ಪ," ಎಂದರು ಮಾಸ್ತರರು. "ಊರು ಹುಚ್ಚ ಅಂತು. ಕಾಲು ಮಾತ್ರ ತಣ್ಣಗವ. ಆ ದಿವಸ ನಿನ್ನ ಮಾತಿಗಿ ಮೊದಲ ನಕ್ಕಾವ ನಾನ. ನಗಬಾರದಿತ್ತು." ಒಳಗೆ ಹೋಗಿ, ಕಾಗದ ಸುತ್ತಿದ ಆ ಹಳೆಯ ಪೆನ್ನು ತಂದು ಅಕ್ಕನ ಕೈಯಲ್ಲಿಟ್ಟರು. "ಸುವರ್ಣಾಗ ಕೊಡವ್ವ." ಅಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಅಕ್ಕ ಸೆರಗಿನ ಗಂಟಿನಿಂದ ಗುಳಿಗೆ ತೆಗೆದಳು. ಮಾಸ್ತರರ ಮನೆಯ ನೀರಲ್ಲೇ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ, ಮೊದಲು ಮಾಸ್ತರರಿಗೆ ಆಮೇಲೆ ನನಗೆ ತೋರಿಸಿದಳು. ನನಗೆ ಏನೋ ಹೇಳಬೇಕೆನಿಸಿತು. ಕ್ಷಮೆಯ ಮಾತು, ಗುಳಿಗೆಯ ಮಾತು, ಎಲ್ಲ ಒಟ್ಟಿಗೆ ಬಂತು. "ನೋಡ್ರಿ ಮಾಸ್ತರ, ಈ ಗುಳಿಗಿ ಏನದ ಅಲ್ಲ..." ಎಂದು ಶುರುಮಾಡಿದೆ.

ಅಕ್ಕ ಕೈ ಎತ್ತಿದಳು.

"ನಾ ಬಾಯಿ ತೆರದು ತೋರಸೀನಲ್ಲ? ಇನ್ನ ನೀ ಮುಚ್ಚು."